ಶ್ವಾಸಕೋಶದ ಗಂಟು ಕ್ಯಾನ್ಸರ್ ಎಂದರು, ಕೊನೆಗೆ ಅದು ಕ್ಷಯವಾಗಿತ್ತು: ನಿಮ್ಮ ಅನುಭವವನ್ನೂ ಬರೆಯಿರಿ

ಮೂಡಣ
ಭಾನುವಾರ, ರಾತ್ರಿ 9.40

ತಿಂಗಳುಗಟ್ಟಲೆ ಬರೆಯಬೇಕೆಂದುಕೊಂಡು ಬರೆಯಲಾಗದೆ ಉಳಿದ ವಿಷಯ ಇದು. ಮೊನ್ನೆ ಅಪ್ಪನ ಕೊನೆಯ ಮಾತ್ರೆ ಮುಗಿಯಿತು. ಈಗ ಕೈ ನಡುಗದೆ ಬರೆಯಬಲ್ಲೆ.

ಅಪ್ಪನಿಗೆ 61 ವರ್ಷ. ನಲವತ್ತೈದರವರೆಗೆ ಸಿಗರೇಟು ಸೇದುತ್ತಿದ್ದರು, ಆಮೇಲೆ ಮುಟ್ಟಿಲ್ಲ. ಎರಡು ತಿಂಗಳು ಕೆಮ್ಮು ಬಿಡಲಿಲ್ಲ, ಐದು ಕಿಲೋ ತೂಕ ಇಳಿಯಿತು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಕಫದ ಜೊತೆ ಕೆಂಪು ದಾರದೆಳೆಯಂತೆ ರಕ್ತ ಕಂಡಿತು. ಸಿ.ಟಿ. ಸ್ಕ್ಯಾನ್ ಆಯಿತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 28 ಮಿಲಿಮೀಟರ್ ಗಂಟು, ಅಂಚಿನಿಂದ ಸುತ್ತಲೂ ಮುಳ್ಳಿನಂತೆ ಎಳೆಗಳು ಎಂದು ವರದಿ ಬಂತು. ಕಫವನ್ನು ಎರಡು ಸಲ ಪರೀಕ್ಷಿಸಿದರು, ಕ್ಷಯದ ಕ್ರಿಮಿ ಕಾಣಲಿಲ್ಲ. ಆಮೇಲೆ ಪೆಟ್ ಸ್ಕ್ಯಾನ್. ಆ ಗಂಟು ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು, ಪಕ್ಕದಲ್ಲಿ 7.4 ಎಂಬ ಅಂಕಿ. ವೈದ್ಯರು ಪರದೆಯನ್ನು ನಮ್ಮ ಕಡೆ ತಿರುಗಿಸಿ, “ಇದು ಕ್ಯಾನ್ಸರೇ. ಯಾವ ಹಂತ ಎಂಬುದನ್ನಷ್ಟೇ ನೋಡಬೇಕು” ಎಂದರು. ಅಪ್ಪ ಕೇಳಿಸಿಕೊಂಡರು. ಏನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ, ಬೀರುವಿನಿಂದ ಕಾಗದಪತ್ರಗಳನ್ನೆಲ್ಲ ಹೊರತೆಗೆದು ಯಾವುದು ಎಲ್ಲಿದೆ ಎಂದು ನನಗೆ ತೋರಿಸಿದ್ದು. 23 ದಿನ ಹಾಗೆಯೇ ಕಳೆಯಿತು. ಅಮ್ಮ ರಾತ್ರಿಯೆಲ್ಲ ಅಪ್ಪನ ಉಸಿರು ಕೇಳುತ್ತ ಕುಳಿತಿರುತ್ತಿದ್ದಳು.

ಎರಡನೆಯ ಅಭಿಪ್ರಾಯಕ್ಕೆ ಹೋದಾಗ ಅಲ್ಲಿನ ವೈದ್ಯರು ಚಿತ್ರಗಳನ್ನೆಲ್ಲ ನೋಡಿ, “ಇರಬಹುದು. ಆದರೆ ಅಂಗಾಂಶದ ಚೂರು ಕೈಗೆ ಬರುವವರೆಗೆ ನಾನು ಯಾವ ಹೆಸರನ್ನೂ ಹೇಳುವುದಿಲ್ಲ” ಎಂದರು. ಸಿ.ಟಿ. ನೋಡಿಕೊಂಡು ಸೂಜಿ ಹಾಕಿ ತೆಗೆದ ಚೂರುಗಳನ್ನು ಎರಡು ಪುಟ್ಟ ಬಾಟಲಿಗಳಲ್ಲಿ ಇಟ್ಟರು. ಎರಡು ಯಾಕೆ ಎಂದು ನರ್ಸ್ ಅವರನ್ನು ಕೇಳಿದೆ. ಒಂದರಲ್ಲಿ ಅಂಗಾಂಶ ಕೆಡದಂತೆ ಇಡುವ ಫಾರ್ಮಾಲಿನ್ ಇತ್ತು, ಇನ್ನೊಂದರಲ್ಲಿ ಬರೀ ಸಲೈನ್. “ಫಾರ್ಮಾಲಿನ್‌ಗೆ ಹಾಕಿದರೆ ಕ್ರಿಮಿ ಸಾಯುತ್ತದಮ್ಮ. ಸತ್ತ ಕ್ರಿಮಿಯನ್ನು ಬೆಳೆಸಿ ನೋಡುವುದಕ್ಕೆ ಆಗುವುದಿಲ್ಲ” ಎಂದರು. ಆ ಎರಡನೆಯ ಬಾಟಲಿಯೇ ಅಪ್ಪನನ್ನು ನಮಗೆ ವಾಪಸು ಕೊಟ್ಟಿತು. ಮರುದಿನ ಸಂಜೆ ಜೀನ್ ಪರೀಕ್ಷೆಯ ವರದಿ ಬಂತು: ಕ್ಷಯದ ಬ್ಯಾಕ್ಟೀರಿಯಾ ಪತ್ತೆ. ಕ್ಯಾನ್ಸರ್ ಕೋಶ ಒಂದೂ ಇರಲಿಲ್ಲ.

ಆರು ತಿಂಗಳ ಮಾತ್ರೆ ಮುಗಿದಿದೆ. ಗಂಟು 9 ಮಿಲಿಮೀಟರಿನ ಕಲೆಯಾಗಿ ಉಳಿದಿದೆ. ನನ್ನ ಪ್ರಶ್ನೆ ಒಂದೇ: ಚೂರು ತೆಗೆದು ನೋಡುವ ಮೊದಲೇ ಆ ಪದವನ್ನು ಒಬ್ಬ ಮನುಷ್ಯನ ಎದುರು ಹೇಳುವುದು ಸರಿಯೇ? ಬೇರೆಯವರಿಗೂ ಹೀಗಾಗಿದೆಯೇ?


ಎದೆಗೂಡು
ಭಾನುವಾರ, ರಾತ್ರಿ 11.15

ಮೂಡಣ ಅವರೇ, ನಾನು ಶ್ವಾಸಕೋಶದ ವೈದ್ಯ. ನಿಮ್ಮ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಸರಿಯಲ್ಲ. ಅನುಮಾನವನ್ನು ಅನುಮಾನ ಎಂದೇ ಹೇಳಬೇಕು. ರೋಗಿಗೆ ಸತ್ಯ ತಿಳಿಯಬೇಕು ನಿಜ, ಆದರೆ ಆ ದಿನದ ಸತ್ಯ “ಕ್ಯಾನ್ಸರ್ ಇರಬಹುದು, ಸೋಂಕೂ ಇರಬಹುದು, ತಡಮಾಡದೆ ತಿಳಿದುಕೊಳ್ಳೋಣ” ಎಂಬುದಷ್ಟೇ ಆಗಿತ್ತು.

ಪೆಟ್ ಸ್ಕ್ಯಾನ್ ಏಕೆ ಮೋಸ ಮಾಡಿತು ಎಂದು ಹೇಳುತ್ತೇನೆ, ಇದನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ಆ ಯಂತ್ರ ಹುಡುಕುವುದು ಕ್ಯಾನ್ಸರನ್ನಲ್ಲ, ಸಕ್ಕರೆಯನ್ನು. ವಿಕಿರಣ ಸೂಸುವ ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟು, ಅದನ್ನು ಯಾವ ಜಾಗ ಹೆಚ್ಚು ಎಳೆದುಕೊಳ್ಳುತ್ತದೆ ಎಂದು ನೋಡುತ್ತಾರೆ. ಗಡ್ಡೆಯ ಕೋಶಗಳು ಗ್ಲೂಕೋಸನ್ನು ವಿಪರೀತ ಬಳಸುತ್ತವೆ ಎಂಬುದನ್ನು ಓಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಆದರೆ ಸೋಂಕಿನ ವಿರುದ್ಧ ಕಾದಾಡುತ್ತಿರುವ ಬಿಳಿರಕ್ತಕಣಗಳಿಗೂ ಅಷ್ಟೇ ಹಸಿವು. ಕ್ಷಯದ ಗಂಟಿನ ಸುತ್ತ ಇಂಥ ಕಣಗಳು ಗೋಡೆ ಕಟ್ಟಿ ನಿಂತಿರುತ್ತವೆ. ಎಷ್ಟು ಗ್ಲೂಕೋಸ್ ಎಳೆದುಕೊಂಡಿತು ಎಂದು ಹೇಳುವ ಅಂಕಿ, ನಿಮ್ಮ ಅಪ್ಪನದು 7.4, 2.5 ದಾಟಿದರೆ ಅನುಮಾನಿಸಬೇಕು ಎಂಬುದು ಹಳೆಯ ರೂಢಿ. ಕ್ಷಯ, ಶಿಲೀಂಧ್ರದ ಸೋಂಕು, ಅಂಗಾಂಗಗಳಲ್ಲಿ ಉರಿಯೂತದ ಪುಟ್ಟ ಗಂಟು ಕಟ್ಟುವ ಸಾರ್ಕಾಯಿಡೋಸಿಸ್ ಎಂಬ ಕಾಯಿಲೆ ಎಲ್ಲವೂ ಆ ಗೆರೆಯನ್ನು ಸಲೀಸಾಗಿ ದಾಟುತ್ತವೆ.

ಮುಳ್ಳಿನಂಥ ಅಂಚಿನ ಕಥೆಯೂ ಹಾಗೆಯೇ. ಕ್ಯಾನ್ಸರ್ ಸುತ್ತಲಿನ ಅಂಗಾಂಶದೊಳಕ್ಕೆ ಬೇರು ಬಿಟ್ಟಾಗ ಆ ಎಳೆಗಳು ಮೂಡುತ್ತವೆ. ಸೋಂಕು ಗುಣವಾಗುತ್ತ ಅಂಗಾಂಶ ಗಟ್ಟಿಯಾಗಿ ಸುಕ್ಕುಗಟ್ಟಿ ಸುತ್ತಲಿನದನ್ನು ಜಗ್ಗಿದಾಗಲೂ ಅವೇ ಎಳೆಗಳು. ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದುದೂ ಆಶ್ಚರ್ಯವಲ್ಲ. ಗಂಟು ಶ್ವಾಸನಾಳಕ್ಕೆ ಬಾಯಿ ತೆರೆದಿರದಿದ್ದರೆ ಕ್ರಿಮಿ ಕಫಕ್ಕೆ ಬರುವುದಾದರೂ ಹೇಗೆ?

ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಸಂಜೆ ಜ್ವರ, ರಾತ್ರಿ ಬೆವರು. ಈ ಲಕ್ಷಣಗಳನ್ನು ಹಿಡಿದು ಎರಡು ರೋಗಗಳನ್ನು ಬೇರೆ ಮಾಡಲು ನನಗೆ ಇಷ್ಟು ವರ್ಷಗಳಲ್ಲಿ ಸಾಧ್ಯವಾಗಿಲ್ಲ.


ಕಿರುದನಿ
ಸೋಮವಾರ, ಬೆಳಿಗ್ಗೆ 6.50

ನಿಮ್ಮ ಅಪ್ಪ ಗುಣವಾದದ್ದು ಓದಿ ಮನಸ್ಸಿಗೆ ಸಮಾಧಾನವಾಯಿತು, ತಂಗಿ. ಆದರೆ ಇನ್ನೊಂದು ಮಗ್ಗುಲನ್ನೂ ಇಲ್ಲಿ ಬರೆಯಲೇಬೇಕು. ಇದನ್ನು ಓದಿ ಯಾರಾದರೂ “ನಮ್ಮದೂ ಕ್ಷಯವೇ ಇರಬೇಕು” ಎಂದು ಸುಮ್ಮನೆ ಕುಳಿತುಬಿಟ್ಟರೆ ಎಂಬ ಭಯ ನನಗೆ.

ನನ್ನ ಅಣ್ಣನದು ಇದರ ತದ್ವಿರುದ್ಧ. ಎಕ್ಸ್-ರೇಯಲ್ಲಿ ಮೇಲ್ಭಾಗದಲ್ಲಿ ನೆರಳು, ಸಂಜೆ ಜ್ವರ, ಕೆಮ್ಮು. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಕ್ಷಯವೆಂದೇ ಇಟ್ಟುಕೊಂಡು ಮಾತ್ರೆ ಶುರು ಮಾಡಿದರು. ಮೊದಲ ತಿಂಗಳು ಸ್ವಲ್ಪ ಹಗುರವೆನಿಸಿತು. ನಾವೂ ನಂಬಿದೆವು. ಎರಡನೆಯ ತಿಂಗಳ ಎಕ್ಸ್-ರೇಯಲ್ಲಿ ನೆರಳು ಕರಗಿರಲಿಲ್ಲ, “ಕೆಲವರಿಗೆ ನಿಧಾನ” ಎಂದರು. ಐದನೆಯ ತಿಂಗಳು ದನಿ ಒಡೆಯಿತು. ಅಣ್ಣ ಫೋನಿನಲ್ಲಿ ಮಾತನಾಡಿದರೆ ಯಾರೋ ಅಪರಿಚಿತರು ಮಾತನಾಡಿದ ಹಾಗೆ ಕೇಳುತ್ತಿತ್ತು. ಆಗ ಚೂರು ತೆಗೆದು ನೋಡಿದರು. ಕ್ಯಾನ್ಸರ್. ಎದೆಯ ನಡುವಿನ ದುಗ್ಧಗ್ರಂಥಿಗಳಿಗೆ ಹರಡಿ, ದನಿಪೆಟ್ಟಿಗೆಗೆ ಹೋಗುವ ನರವನ್ನು ಒತ್ತುತ್ತಿತ್ತು.

ಅಣ್ಣ ಹದಿನಾಲ್ಕು ತಿಂಗಳು ಬದುಕಿದ್ದ. ಆ ಐದು ತಿಂಗಳು ಮೊದಲೇ ಗೊತ್ತಾಗಿದ್ದರೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ. ನಿಮಗೆ ಚೂರು ತೆಗೆಯದೆ ಕ್ಯಾನ್ಸರ್ ಎಂದರು, ನಮಗೆ ಚೂರು ತೆಗೆಯದೆ ಕ್ಷಯ ಎಂದರು. ತಪ್ಪು ಒಂದೇ.


ಎದೆಗೂಡು
ಸೋಮವಾರ, ಬೆಳಿಗ್ಗೆ 8.05

ಕಿರುದನಿ ಅವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಕ್ಷಯ ಹೆಚ್ಚಾಗಿರುವ ಕಡೆಗಳಲ್ಲೆಲ್ಲ ಈ ದುರಂತ ಮತ್ತೆ ಮತ್ತೆ ನಡೆಯುತ್ತದೆ. ಅಣ್ಣನವರಿಗೆ ಮೊದಲು ಹಗುರವೆನಿಸಿದ್ದಕ್ಕೂ ಕಾರಣವಿರಬಹುದು. ಗಡ್ಡೆ ಶ್ವಾಸನಾಳವನ್ನು ಅದುಮಿದಾಗ ಅದರ ಹಿಂದಿನ ಭಾಗದಲ್ಲಿ ಕಫ ನಿಂತು ಸೋಂಕಾಗುತ್ತದೆ. ಔಷಧಿಗೆ ಆ ಸೋಂಕು ತಗ್ಗುತ್ತದೆ, ಜ್ವರ ಇಳಿಯುತ್ತದೆ, ಗಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಎರಡು ರೋಗ ಒಂದೇ ಎದೆಯಲ್ಲಿ ಒಟ್ಟಿಗೆ ಇರುವುದೂ ಉಂಟು. ಹಳೆಯ ಕ್ಷಯದ ಕಲೆಯ ಜಾಗದಲ್ಲೇ ಕ್ಯಾನ್ಸರ್ ಹುಟ್ಟಿದ್ದನ್ನು ನಾನು ಕಂಡಿದ್ದೇನೆ.

ನ್ಯುಮೋನಿಯಾ ಎಂದು ಚಿಕಿತ್ಸೆ ಪಡೆದವರು, ಅದರಲ್ಲೂ ಐವತ್ತು ದಾಟಿದವರು ಮತ್ತು ಧೂಮಪಾನಿಗಳು, ಆರರಿಂದ ಎಂಟು ವಾರಕ್ಕೆ ಮತ್ತೊಂದು ಎಕ್ಸ್-ರೇ ತೆಗೆಸಿಕೊಳ್ಳಿ ಎಂದು ನಾವು ಗೋಗರೆಯುವುದು ಇದಕ್ಕೇ. ಜ್ವರ ಬಿಟ್ಟಿತು ಎಂದು ಯಾರೂ ಬರುವುದಿಲ್ಲ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಗಂಟೇ ಕಟ್ಟದೆ, ಗಾಳಿಗೂಡುಗಳ ಗೋಡೆಯ ಮೇಲೆ ಹಬ್ಬಿಕೊಂಡು ಹೋಗುತ್ತದೆ. ಚಿತ್ರದಲ್ಲಿ ಅದು ನ್ಯುಮೋನಿಯಾದಂತೆಯೇ ಕಾಣುತ್ತದೆ.


ಹೊಸಚಿಗುರು
ಸೋಮವಾರ, ಮಧ್ಯಾಹ್ನ 1.20

ಸೂಜಿ ಹಾಕುವ ಮೊದಲು ಎರಡು ವಾರ ಆ್ಯಂಟಿಬಯಾಟಿಕ್ ಕೊಟ್ಟು ನೋಡಬಾರದೇ? ಕರಗಿದರೆ ಸೋಂಕು, ಕರಗದಿದ್ದರೆ ಮುಂದಿನ ಮಾತು. ನನ್ನ ಭಾವನಿಗೆ ಹಾಗೆಯೇ ಮಾಡಿದರು, ದುಂಡಗಿನ ನೆರಳು ಪೂರ್ತಿ ಹೋಯಿತು. ಸೂಜಿ ಎಂದರೆ ಶ್ವಾಸಕೋಶ ತೂತಾಗುತ್ತದೆ ಎಂದು ಕೇಳಿದ್ದೇನೆ.


ಎದೆಗೂಡು
ಸೋಮವಾರ, ಮಧ್ಯಾಹ್ನ 3.40

ಕೆಲವೊಮ್ಮೆ ಅದೇ ಸರಿ, ಹೊಸಚಿಗುರು ಅವರೇ. ನಿನ್ನೆ ಮೊನ್ನೆ ಶುರುವಾದ ಚಳಿಜ್ವರ, ಎದೆನೋವು ಇದ್ದು ದುಂಡಗಿನ ನೆರಳು ಕಂಡರೆ ನಾನೂ ಮೊದಲು ನ್ಯುಮೋನಿಯಾಕ್ಕೇ ಔಷಧಿ ಕೊಡುತ್ತೇನೆ. ಚೆಂಡಿನಂತೆ ಕಾಣುವ ಈ ನ್ಯುಮೋನಿಯಾ ಮಕ್ಕಳಲ್ಲಿ ಹೆಚ್ಚು. ಗಾಳಿಗೂಡುಗಳ ನಡುವಿನ ಸಣ್ಣ ಕಿಂಡಿಗಳು ಅವರಲ್ಲಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ಸೋಂಕು ಹರಡದೆ ಒಂದೇ ಕಡೆ ದುಂಡಾಗಿ ನಿಲ್ಲುತ್ತದೆ. ದೊಡ್ಡವರಲ್ಲೂ ಆಗುತ್ತದೆ. ಆದರೆ ದೊಡ್ಡವರಲ್ಲಿ ಅದು ಪೂರ್ತಿ ಕರಗಿದ್ದನ್ನು ಚಿತ್ರದಲ್ಲಿ ಕಣ್ಣಾರೆ ನೋಡುವವರೆಗೆ ಬಿಡಬಾರದು.

ಎರಡು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹೆಸರಿನ ಕೊನೆಗೆ “ಫ್ಲಾಕ್ಸಸಿನ್” ಎಂದು ಬರುವ ಆ್ಯಂಟಿಬಯಾಟಿಕ್‌ಗಳು ಕ್ಷಯದ ಕ್ರಿಮಿಯನ್ನೂ ಅರೆಬರೆ ಹೊಡೆಯುತ್ತವೆ. ನಾಲ್ಕು ದಿನ ಚೇತರಿಕೆ ಕಾಣುತ್ತದೆ, ಪರೀಕ್ಷೆಗೆ ಕ್ರಿಮಿ ಸಿಗುವುದಿಲ್ಲ, ರೋಗ ಮಾತ್ರ ಒಳಗೇ ಇರುತ್ತದೆ. ಇನ್ನೊಂದು, ಕಾರಣ ಗೊತ್ತಿಲ್ಲದ ನೆರಳಿಗೆ ಸ್ಟೀರಾಯ್ಡ್ ಕೊಡುವುದು. ಕ್ಷಯವೋ ಶಿಲೀಂಧ್ರವೋ ಆಗಿದ್ದರೆ ಅದು ಬೆಂಕಿಗೆ ತುಪ್ಪ.

ಸೂಜಿಯ ಅಪಾಯ ಇಲ್ಲವೆಂದು ನಾನು ಹೇಳುವುದಿಲ್ಲ. ಸೂಜಿ ಹಾಕಿಸಿಕೊಂಡ ನೂರು ಮಂದಿಯಲ್ಲಿ ಹದಿನೈದರಿಂದ ಇಪ್ಪತ್ತೈದು ಮಂದಿಗೆ ಶ್ವಾಸಕೋಶದ ಹೊರಗೆ ಸ್ವಲ್ಪ ಗಾಳಿ ಸೇರಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದು ತಾನಾಗಿ ಹೀರಿಹೋಗುತ್ತದೆ, ಕೆಲವರಿಗೆ ಕೊಳವೆ ಹಾಕಬೇಕಾಗುತ್ತದೆ. ಗಂಟು ನಡುವಿನ ಭಾಗದಲ್ಲಿದ್ದರೆ ಅಥವಾ ಎದೆಯ ನಡುವಿನ ದುಗ್ಧಗ್ರಂಥಿ ದಪ್ಪವಾಗಿದ್ದರೆ ಶ್ವಾಸನಾಳದ ಒಳಗಿನಿಂದಲೇ ಅಲ್ಟ್ರಾಸೌಂಡ್ ನೋಡಿಕೊಂಡು ಚೂರು ತೆಗೆಯುವ ದಾರಿಯೂ ಇದೆ.


ಮಳೆಬಿಲ್ಲು
ಸೋಮವಾರ, ಸಂಜೆ 5.10

ಸೂಜಿ ಹಾಕಲೇಬಾರದ ಒಂದು ಸಂದರ್ಭವೂ ಇದೆ ಎಂದು ಸೇರಿಸುತ್ತೇನೆ. ನನ್ನ ಅತ್ತಿಗೆಯ ಎದೆಯಲ್ಲಿ ಮೂಸಂಬಿಯಷ್ಟು ದೊಡ್ಡ ಗಡ್ಡೆ ಎಂದು ಎಲ್ಲರೂ ಹೆದರಿದ್ದೆವು. ಸಿ.ಟಿ. ನೋಡಿದ ವೈದ್ಯರು ಒಳಗೆ ನೀರಿದೆ ಎಂದು ಗುರುತಿಸಿ ಸೂಜಿಯನ್ನು ತಡೆದರು. ಅದು ಹೈಡಾಟಿಡ್ ಚೀಲ. ನಾಯಿಯ ಕರುಳಿನಲ್ಲಿರುವ ಲಾಡಿಹುಳುವಿನ ಮೊಟ್ಟೆಯಿಂದ ಬರುವಂಥದ್ದು. ಅಜಾಗರೂಕತೆಯಿಂದ ಚುಚ್ಚಿದರೆ ಒಳಗಿನ ನೀರು ಚೆಲ್ಲಿ ಜೀವಕ್ಕೇ ಅಪಾಯವಾಗುವಷ್ಟು ಅಲರ್ಜಿ ಆಗಬಹುದಂತೆ. ಶಸ್ತ್ರಚಿಕಿತ್ಸೆ ಮಾಡಿ ತೆಗೆದರು, ಈಗ ಆರಾಮಾಗಿದ್ದಾಳೆ.


ಸ್ಲೈಡ್‌ಮೇಜು
ಸೋಮವಾರ, ರಾತ್ರಿ 10.30

ನಾನು ಪೆಥಾಲಜಿಸ್ಟ್. ಮೂಡಣ ಅವರು ಹೇಳಿದ ಎರಡನೆಯ ಬಾಟಲಿಯ ಬಗ್ಗೆ ಓದಿ ಬರೆಯದೆ ಇರಲಾಗಲಿಲ್ಲ. ನನ್ನ ಮೇಜಿಗೆ ಬರುವ ಶ್ವಾಸಕೋಶದ ಚೂರುಗಳಲ್ಲಿ ಎಷ್ಟೋ ಪಾಲು ಫಾರ್ಮಾಲಿನ್ ಬಾಟಲಿಯಲ್ಲಿ ಮಾತ್ರ ಬರುತ್ತವೆ, ಜೊತೆಗಿನ ಚೀಟಿಯಲ್ಲಿ “ಕ್ಯಾನ್ಸರ್?” ಎಂಬ ಒಂದೇ ಪದ. ಸ್ಲೈಡಿನಲ್ಲಿ ಗ್ರ್ಯಾನ್ಯುಲೋಮ, ಅಂದರೆ ಉರಿಯೂತದ ಕಣಗಳು ಗುಂಪುಗೂಡಿ ಕಟ್ಟಿದ ಪುಟ್ಟ ಗಂಟು, ಕಂಡಾಗ ನನ್ನ ಸಂಕಟ ಶುರುವಾಗುತ್ತದೆ. ನಡುವೆ ಗಿಣ್ಣಿನ ಪುಡಿಯಂತೆ ಸತ್ತ ಅಂಗಾಂಶ, ಸುತ್ತ ಉದ್ದುದ್ದ ಕಣಗಳ ಬೇಲಿ, ಅಲ್ಲಲ್ಲಿ ಕುದುರೆ ಲಾಳದಂತೆ ಅಂಚಿನಲ್ಲಿ ಕೋಶಕೇಂದ್ರಗಳನ್ನು ಜೋಡಿಸಿಕೊಂಡ ದೈತ್ಯಕೋಶಗಳು. ಸೋಂಕು ಎಂಬುದು ಬಹುಪಾಲು ಖಚಿತ. ಆದರೆ ಯಾವ ಸೋಂಕು? ಬಣ್ಣ ಹಾಕಿ ಹುಡುಕುತ್ತೇನೆ. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಕ್ಷಯದ ಕ್ರಿಮಿಯನ್ನು ಜಗತ್ತಿಗೆ ತೋರಿಸಿದ್ದೂ ಬಣ್ಣ ಹಾಕಿಯೇ. ಆಮೇಲೆ ಸುಧಾರಿಸಿದ ಆಮ್ಲ ತಾಳುವ ಬಣ್ಣದ ವಿಧಾನ ಈಗಲೂ ನಮ್ಮ ಕೈಯಲ್ಲಿದೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿ ಒಂದು ಸಿಕ್ಕಿದರೂ ಸಾಕು ಎಂದು ಅರ್ಧ ತಾಸು ಒಂದೇ ಸ್ಲೈಡಿನ ಮೇಲೆ ಕಣ್ಣಿಟ್ಟು ಕೂರುತ್ತೇನೆ. ಗಂಟಿನಲ್ಲಿ ಕ್ರಿಮಿಗಳು ತೀರ ಕಡಿಮೆ, ಎಷ್ಟೋ ಸಲ ಸಿಗುವುದೇ ಇಲ್ಲ. ಸಲೈನ್ ಬಾಟಲಿಯೂ ಇದ್ದಿದ್ದರೆ ಜೀನ್ ಪರೀಕ್ಷೆ ಎರಡು ತಾಸಿನಲ್ಲಿ ಸುಳಿವು ಕೊಡುತ್ತಿತ್ತು, ಔಷಧಿ ನಾಟುತ್ತದೆಯೋ ಇಲ್ಲವೋ ಎಂಬುದಕ್ಕೂ ಸೇರಿ. ದ್ರವ ಮಾಧ್ಯಮದಲ್ಲಿ ಬೆಳೆಸಿದರೆ ಆರು ವಾರದೊಳಗೆ ಉತ್ತರ ಸಿಗುತ್ತಿತ್ತು.

ಕ್ಷಯ ಒಂದೇ ಅಲ್ಲ. ಹಕ್ಕಿ ಮತ್ತು ಬಾವಲಿಗಳ ಹಿಕ್ಕೆ ಬೆರೆತ ಮಣ್ಣಿನಿಂದ ಬರುವ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರ ಹೀಗೆಯೇ ಗಂಟು ಕಟ್ಟುತ್ತದೆ. ಪಾರಿವಾಳದ ಹಿಕ್ಕೆಯಲ್ಲಿ ಸಿಗುವ ಕ್ರಿಪ್ಟೋಕಾಕಸ್ ಕೂಡ. ಅದರ ಸುತ್ತ ದಪ್ಪ ಲೋಳೆಯ ಕವಚವಿರುತ್ತದೆ, ಬಣ್ಣ ಹಾಕಿದರೆ ಮುತ್ತಿನ ಸುತ್ತ ಹೊಳಪು ಕಂಡ ಹಾಗೆ ಕಾಣುತ್ತದೆ. ರಕ್ತದಲ್ಲೇ ಅದನ್ನು ಹುಡುಕುವ ಒಳ್ಳೆಯ ಪರೀಕ್ಷೆಯೂ ಇದೆ. ನೋಕಾರ್ಡಿಯ ಎಂಬ ಬ್ಯಾಕ್ಟೀರಿಯಾ ಶ್ವಾಸಕೋಶದಲ್ಲಿ ಗಂಟು ಮಾಡಿ ಮಿದುಳಿಗೂ ಹೋಗಿ ಕೂರುತ್ತದೆ. ಎರಡು ಕಡೆ ಗಂಟು ನೋಡಿದವರು “ಮಿದುಳಿಗೆ ಹರಡಿದ ಕ್ಯಾನ್ಸರ್” ಎನ್ನದೆ ಇನ್ನೇನು ಅಂದಾರು? ಚೆನ್ನಾಗಿ ಬೇಯದ ಸಿಹಿನೀರಿನ ಏಡಿಯಿಂದ ಬರುವ ಶ್ವಾಸಕೋಶದ ಚಪ್ಪಟೆಹುಳು ರಕ್ತಕಫವನ್ನೂ ಗಡ್ಡೆಯಂಥ ನೆರಳನ್ನೂ ಒಟ್ಟಿಗೆ ತರುತ್ತದೆ. ಒಮ್ಮೆ ಕ್ಯಾನ್ಸರ್ ಎಂದು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಕಳುಹಿಸಿದ ನಾಣ್ಯದಾಕಾರದ ಗಂಟಿನೊಳಗೆ, ಒಂದು ಪುಟ್ಟ ರಕ್ತನಾಳದಲ್ಲಿ, ಸುರುಳಿ ಸುತ್ತಿ ಸತ್ತಿದ್ದ ಹುಳು ನನಗೆ ಕಂಡಿತ್ತು. ನಾಯಿಗಳ ಹೃದಯಹುಳು, ಸೊಳ್ಳೆಯ ಮೂಲಕ ಮನುಷ್ಯನಿಗೆ ಬಂದದ್ದು.

ಚೀಟಿಯಲ್ಲಿ ರೋಗಿಯ ಪೂರ್ತಿ ಕಥೆ ಬರೆಯಿರಿ ಎಂದು ವೈದ್ಯರನ್ನು ಬೇಡಿಕೊಳ್ಳುತ್ತೇನೆ. ಜ್ವರ ಇತ್ತೇ, ಸಕ್ಕರೆ ಕಾಯಿಲೆ ಇದೆಯೇ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದಾರೆಯೇ. ನನಗೆ ಕಾಣುವುದು ಅಕ್ಕಿಕಾಳಿಗಿಂತ ತೆಳ್ಳಗಿನ ಚೂರು, ಮನುಷ್ಯನಲ್ಲ.


ನೆಳಲುಬೆಳಕು
ಮಂಗಳವಾರ, ಬೆಳಿಗ್ಗೆ 9.00

ಸ್ಕ್ಯಾನ್ ಓದುವವನಾಗಿ ನನ್ನದೂ ಸ್ವಲ್ಪ. ಎಲ್ಲರಿಗೂ ಒಂದು ಮಾತು: ಹಳೆಯ ಎಕ್ಸ್-ರೇ ಎಸೆಯಬೇಡಿ. ಹತ್ತು ವರ್ಷದ ಹಿಂದಿನ ಫಿಲ್ಮ್‌ನಲ್ಲಿ ಅದೇ ಗಂಟು ಅದೇ ಅಳತೆಯಲ್ಲಿ ಇದ್ದರೆ ಇವತ್ತಿನ ಭಯದ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ನಿಂತಿದ್ದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರ ಕಡಿಮೆ. ಮಂಜಿನಂತೆ ಅರೆಪಾರದರ್ಶಕವಾಗಿರುವ ಗಂಟುಗಳಿಗೆ ಈ ಲೆಕ್ಕ ಸಾಲದು. ಅವು ಬಹಳ ನಿಧಾನ, ಐದು ವರ್ಷದವರೆಗೂ ಕಣ್ಣಿಡಬೇಕು.

ಬೆಳವಣಿಗೆಯ ವೇಗವೂ ಮಾತನಾಡುತ್ತದೆ. ಗಟ್ಟಿ ಗಂಟಿನ ಕ್ಯಾನ್ಸರ್ ಗಾತ್ರದಲ್ಲಿ ದುಪ್ಪಟ್ಟಾಗಲು ಸಾಮಾನ್ಯವಾಗಿ ಒಂದು ತಿಂಗಳಿಂದ ಸುಮಾರು 400 ದಿನ ಹಿಡಿಯುತ್ತದೆ. ವಾರದೊಳಗೆ ದುಪ್ಪಟ್ಟಾದರೆ ಸೋಂಕಿನ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಗಾತ್ರ ದುಪ್ಪಟ್ಟು ಎಂದರೆ ಅಡ್ಡಳತೆ ದುಪ್ಪಟ್ಟಲ್ಲ ಎಂಬುದು ನೆನಪಿರಲಿ. 10 ಮಿಲಿಮೀಟರಿನದು 12.6 ಆದರೆ ಸಾಕು, ಗಾತ್ರ ಎರಡರಷ್ಟಾಗಿರುತ್ತದೆ.

ಗಂಟಿನ ನಟ್ಟನಡುವೆ ಸುಣ್ಣ ಕಟ್ಟಿದ್ದರೆ, ಅಥವಾ ಈರುಳ್ಳಿಯ ಪದರದಂತೆ ಸುತ್ತುಸುತ್ತಾಗಿ ಕಟ್ಟಿದ್ದರೆ, ಹಳೆಯ ಸೋಂಕು ವಾಸಿಯಾದ ಗುರುತು. ಒಂದು ಮೂಲೆಯಲ್ಲಿ ಚೂರುಪಾರು ಸುಣ್ಣ ಇದ್ದರೆ ಆ ಧೈರ್ಯ ಇಲ್ಲ. ಹಳೆಯ ಕ್ಷಯದ ಕುಹರದೊಳಗೆ ಶಿಲೀಂಧ್ರ ಬೆಳೆದು ಚೆಂಡಾಗಿ ಕೂರುವುದುಂಟು. ಅದರ ಮೇಲೆ ಬಿದಿಗೆ ಚಂದ್ರನಂತೆ ಗಾಳಿಯ ಗೆರೆ ಕಾಣುತ್ತದೆ. ರೋಗಿಯನ್ನು ಬೋರಲು ಮಲಗಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಚೆಂಡು ಜಾಗ ಬದಲಿಸಿರುತ್ತದೆ. ಗಡ್ಡೆ ಹಾಗೆ ಉರುಳುವುದಿಲ್ಲ.

ಇನ್ನೊಂದು ಅಂಕಿಯನ್ನು ಹೇಳಬೇಕು, ಭಯಪಟ್ಟವರಿಗೆ ಉಪಯೋಗವಾದೀತು. ಅಮೆರಿಕದಲ್ಲಿ 53,454 ಮಂದಿ ಭಾರೀ ಧೂಮಪಾನಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಅನುಮಾನಾಸ್ಪದವಾದದ್ದನ್ನು ತೋರಿಸಿದಾಗಲೆಲ್ಲ ಅದರ 96.4 ಶೇಕಡಾ ಕ್ಯಾನ್ಸರ್ ಆಗಿರಲಿಲ್ಲ. ಅದೇ ಅಧ್ಯಯನದಲ್ಲಿ ಆ ಸ್ಕ್ಯಾನ್‌ನಿಂದ ಶ್ವಾಸಕೋಶದ ಕ್ಯಾನ್ಸರಿನ ಸಾವು 20 ಶೇಕಡಾ ತಗ್ಗಿತು ಎಂಬುದನ್ನೂ ಸೇರಿಸಿಯೇ ಓದಿ. ಆದರೆ ಅಲ್ಲಿ ಸಿಕ್ಕ ಹೆಚ್ಚಿನ ಗಂಟುಗಳು ಪುಟ್ಟವು. ಮುಳ್ಳಂಚಿನ 28 ಮಿಲಿಮೀಟರಿನ ಗಂಟಿಗೆ ಆ ಸಮಾಧಾನವನ್ನು ಎಳೆದು ತರಬೇಡಿ.


ಹಾದಿಹೋಕ
ಮಂಗಳವಾರ, ರಾತ್ರಿ 11.50

ಎಲ್ಲರ ಬರಹವನ್ನೂ ಓದಿದೆ. ನನ್ನ ಹೆಂಡತಿಗೆ 47. ಎಡ ಶ್ವಾಸಕೋಶದ ಕೆಳಭಾಗದಲ್ಲಿ 41 ಮಿಲಿಮೀಟರ್ ಗಡ್ಡೆ, ಪಕ್ಕೆಲುಬಿನವರೆಗೂ ತಾಗಿಕೊಂಡಿದೆ, ಪೆಟ್‌ನಲ್ಲಿ ಹೊಳೆದಿದೆ. ಅವಳು ಯಾವತ್ತೂ ಸಿಗರೇಟು ಮುಟ್ಟಿದವಳಲ್ಲ. ಗುರುವಾರ ಬಯಾಪ್ಸಿ. ಮಗನಿಗೆ ಇನ್ನೂ ಹೇಳಿಲ್ಲ, ಪರೀಕ್ಷೆ ಇದೆ ಅವನಿಗೆ. ನಾನು ವೈದ್ಯರ ಬಳಿ ಏನು ಕೇಳಬೇಕು? ಕೇಳಿದರೆ ಅವರಿಗೆ ಬೇಸರವಾಗುವುದಿಲ್ಲವೇ?


ಮೂಡಣ
ಬುಧವಾರ, ಬೆಳಿಗ್ಗೆ 6.15

ಅಣ್ಣ, ಬೇಸರವಾದರೆ ಆಗಲಿ. “ಚೂರನ್ನು ಫಾರ್ಮಾಲಿನ್ ಇಲ್ಲದ ಬಾಟಲಿಯಲ್ಲೂ ಕಳುಹಿಸುತ್ತೀರಾ, ಕ್ಷಯ, ಶಿಲೀಂಧ್ರ, ಬ್ಯಾಕ್ಟೀರಿಯಾ ಮೂರಕ್ಕೂ ನೋಡಿಸುತ್ತೀರಾ” ಎಂದು ಒಂದೇ ಉಸಿರಿನಲ್ಲಿ ಕೇಳಿಬಿಡಿ. ನಾಲಿಗೆ ಏಳದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಅತ್ತಿಗೆಗೆ ಇತ್ತೀಚೆಗೆ ಆದ ಕಾಯಿಲೆ, ನುಂಗಿದ ಮಾತ್ರೆ, ಹಲ್ಲುನೋವಿನವರೆಗೂ ಎಲ್ಲವನ್ನೂ ಹೇಳಿ. ಗುರುವಾರ ನಾನು ನಿಮ್ಮನ್ನು ನೆನೆಯುತ್ತಿರುತ್ತೇನೆ.


ಸ್ಲೈಡ್‌ಮೇಜು
ಬುಧವಾರ, ಬೆಳಿಗ್ಗೆ 7.30

ಹಾದಿಹೋಕ ಅವರೇ, ನೀವು ಕೇಳಿದರೆ ನನ್ನಂಥವರಿಗೆ ಉಪಕಾರವೇ ಆಗುತ್ತದೆ. ಧೂಮಪಾನ ಮಾಡದವರಿಗೂ ಕ್ಯಾನ್ಸರ್ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಯಾಪ್ಸಿ ಮುಂದೂಡಬೇಡಿ.


ಹಾದಿಹೋಕ
ಮುಂದಿನ ಬುಧವಾರ, ಮಧ್ಯಾಹ್ನ 2.25

ವರದಿ ಬಂತು! “ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ, ಉರಿಯೂತದ ಕಣಗಳಿವೆ” ಎಂದು ಬರೆದಿದೆ. ಕ್ಷಯದ ಪರೀಕ್ಷೆಯಲ್ಲೂ ಏನೂ ಇಲ್ಲ. ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲರಿಗೂ ಕೈಮುಗಿಯುತ್ತೇನೆ.


ಎದೆಗೂಡು
ಬುಧವಾರ, ಮಧ್ಯಾಹ್ನ 3.05

ನಿಮ್ಮ ಸಂತೋಷಕ್ಕೆ ತಣ್ಣೀರೆರಚಲು ಮನಸ್ಸಿಲ್ಲ, ಆದರೂ ಹೇಳಲೇಬೇಕು. ಇದು ಬಿಡುಗಡೆಯ ಪತ್ರವಲ್ಲ. “ಸಿಗಲಿಲ್ಲ” ಎಂಬುದಕ್ಕೂ “ಇಲ್ಲ” ಎಂಬುದಕ್ಕೂ ಅಂತರವಿದೆ. ಸೂಜಿ ಗಡ್ಡೆಯ ಅಂಚಿಗೆ ಬಿದ್ದಿರಬಹುದು. ಕ್ಯಾನ್ಸರಿನ ಸುತ್ತಲೂ ಉರಿಯೂತ ಇರುತ್ತದೆ. ಕ್ಷಯ, ಕ್ರಿಪ್ಟೋಕಾಕಸ್, ಹಾಮಾರ್ಟೋಮ (ಕ್ಯಾನ್ಸರಲ್ಲದ ಒಂದು ಗಡ್ಡೆ) ಎಂದು ಒಂದು ಹೆಸರು ಬಂದಿದ್ದರೆ ನಾನೂ ನಿಮ್ಮೊಂದಿಗೆ ಸಂತೋಷಪಡುತ್ತಿದ್ದೆ. ಹೆಸರಿಲ್ಲದ ಉರಿಯೂತವನ್ನು 41 ಮಿಲಿಮೀಟರಿನ ಗಡ್ಡೆಗೆ ಉತ್ತರವೆಂದು ಒಪ್ಪಲಾರೆ. ಮತ್ತೊಮ್ಮೆ ಚೂರು ತೆಗೆಸಿ. ಆಮ್ಲಜನಕ ತಾಗದಂತೆ ಬೆಳೆಸುವ ಕಲ್ಚರ್‌ಗೂ ಈ ಸಲ ಕಳುಹಿಸಲು ಹೇಳಿ. ಒಂದು ಮಾತು ಕೇಳುತ್ತೇನೆ: ಅವರ ಹಲ್ಲು ಹೇಗಿವೆ?


ಹಾದಿಹೋಕ
ಬುಧವಾರ, ರಾತ್ರಿ 9.30

ಕೆಳದವಡೆಯ ಎರಡು ಹಲ್ಲು ವರ್ಷದಿಂದ ಹುಳುಕಾಗಿವೆ. ಆಗಾಗ ವಸಡು ಊದಿ ಕೀವು ಬರುತ್ತದೆ. ಮೂಡಣ ಅವರು ಹಲ್ಲುನೋವು ಎಂದು ಬರೆದಾಗಲೂ ನನಗೆ ಹೊಳೆಯಲಿಲ್ಲ, ವೈದ್ಯರಿಗೆ ಹೇಳಲಿಲ್ಲ. ನಾಳೆ ಬೆಳಿಗ್ಗೆಯೇ ಹೋಗುತ್ತೇವೆ.


ಕಿರುದನಿ
ಬುಧವಾರ, ರಾತ್ರಿ 10.10

ಹೋಗಿ. ಡಾಕ್ಟರು ಹೇಳಿದ್ದನ್ನು ಕೇಳಿ. ನಾವು ಒಳ್ಳೆಯ ಸುದ್ದಿಯನ್ನು ಬಿಗಿಯಾಗಿ ಹಿಡಿದುಕೊಂಡೇ ತಡಮಾಡಿದವರು.


ಹಾದಿಹೋಕ
ಮೂರು ವಾರಗಳ ನಂತರ, ಶನಿವಾರ

ಈ ಸಲ ಹೆಸರು ಸಿಕ್ಕಿದೆ. ಆಕ್ಟಿನೋಮೈಕೋಸಿಸ್. ಚೂರಿನಲ್ಲಿ ಗಂಧಕದ ಬಣ್ಣದ ಪುಟ್ಟ ಕಾಳುಗಳಿದ್ದವಂತೆ, ಕಲ್ಚರ್‌ನಲ್ಲಿಯೂ ಬೆಳೆಯಿತು. ಕ್ಯಾನ್ಸರ್ ಎಲ್ಲೂ ಇಲ್ಲ. ಹೆಸರು ಕೇಳಿದರೆ ಶಿಲೀಂಧ್ರ ಎನಿಸುತ್ತದೆ, ಬ್ಯಾಕ್ಟೀರಿಯಾ ಎಂದರು. ಇದು ಬೇರೆಯವರಿಗೆ ಹರಡುತ್ತದೆಯೇ? ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕು ಎಂದು ಒಬ್ಬರು ಹೇಳುತ್ತಿದ್ದಾರೆ.


ಎದೆಗೂಡು
ಶನಿವಾರ, ಸಂಜೆ 6.20

ಏನೂ ಬೇರೆ ಇಡಬೇಡಿ. ಅದು ಎಲ್ಲರ ಬಾಯಿಯಲ್ಲೂ ಇರುವ ಕ್ರಿಮಿ, ಒಬ್ಬರಿಂದ ಒಬ್ಬರಿಗೆ ರೋಗ ಹರಡುವುದಿಲ್ಲ. ನಿದ್ದೆಯಲ್ಲೋ ಇನ್ನಾವಾಗಲೋ ಬಾಯಿಯ ದ್ರವ ಶ್ವಾಸನಾಳಕ್ಕೆ ಇಳಿದು ಅಲ್ಲಿ ಬೇರೂರುತ್ತದೆ. ಶ್ವಾಸಕೋಶದ ಹಾಲೆಗಳ ನಡುವಿನ ಗಡಿಯನ್ನೂ ಲೆಕ್ಕಿಸದೆ, ಪಕ್ಕೆಲುಬನ್ನೂ ಕೊರೆದು ಮುಂದೆ ಹೋಗುವ ಸ್ವಭಾವ ಅದರದು, ಅದಕ್ಕೇ ಕ್ಯಾನ್ಸರಿನ ಸೋಗು ಅಷ್ಟು ಚೆನ್ನಾಗಿ ಹಾಕುತ್ತದೆ. ಪೆನಿಸಿಲಿನ್‌ಗೆ ಬಗ್ಗುತ್ತದೆ. ಮೊದಲ ಕೆಲವು ವಾರ ರಕ್ತನಾಳದ ಮೂಲಕ, ಆಮೇಲೆ ಮಾತ್ರೆ, ಒಟ್ಟು ಆರರಿಂದ ಹನ್ನೆರಡು ತಿಂಗಳು. ಚೆನ್ನಾಗಿದ್ದೇನೆ ಎನಿಸಿದ ಮೇಲೂ ನಿಲ್ಲಿಸಬಾರದು. ಹಲ್ಲಿನ ಚಿಕಿತ್ಸೆಯನ್ನೂ ಜೊತೆಗೇ ಮುಗಿಸಿ.


ಹಾದಿಹೋಕ
ಮೂರು ತಿಂಗಳ ನಂತರ, ಭಾನುವಾರ

ನಿನ್ನೆ ಸಿ.ಟಿ. ಆಯಿತು. 41 ಇದ್ದದ್ದು 13 ಆಗಿದೆ. ಪಕ್ಕೆಲುಬಿನ ನೋವು ಹೋಗಿದೆ. ಎರಡು ಹಲ್ಲು ಕೀಳಿಸಿದೆವು. ಮಗನಿಗೆ ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಹೇಳಿದೆವು, ಮೊದಲೇ ಹೇಳಬೇಕಿತ್ತು ಎಂದು ಎರಡು ದಿನ ಮಾತು ಬಿಟ್ಟಿದ್ದ. ಮಾತ್ರೆ ಇನ್ನೂ ಒಂಬತ್ತು ತಿಂಗಳು ಎಂದಿದ್ದಾರೆ, ಮುಂದಿನ ಸ್ಕ್ಯಾನ್ ಮೂರು ತಿಂಗಳಿಗೆ. ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.


ಮೂಡಣ
ಭಾನುವಾರ, ರಾತ್ರಿ 8.45

13! ಅಪ್ಪನಿಗೆ ಓದಿ ಹೇಳಿದೆ. ಆ ಕಾಗದಪತ್ರಗಳು ಇಷ್ಟು ದಿನ ಮೇಜಿನ ಮೇಲೆಯೇ ಇದ್ದವು, ಒಳಗಿಡಲು ನನಗೆ ಧೈರ್ಯವಾಗಿರಲಿಲ್ಲ. ಕೇಳಿಸಿಕೊಂಡವರು ಎದ್ದುಹೋಗಿ ಅವನ್ನೆಲ್ಲ ಬೀರುವಿಗೆ ಸೇರಿಸಿ ಬಂದರು.